ಎಡಮನೆಗೆ ಹೋಗುವ ಬೆಂಕಿ

ನಮ್ಮ ಊರಿಗೆ ಆಗಾಗ ಜೀಪು ಬರುತ್ತದೆ. ಜೀಪಿನಿಂದ ಇಳಿದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಆಮೇಲೆ ಊರ ನಡುವಿನ ಗ್ಯಾಸಿನ ಗುಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಕಡೆಗೆ ನಮ್ಮಂಥ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, "ಇದರಿಂದ ನಿಮಗೆ ಏನೇನು ಲಾಭವಾಯಿತಮ್ಮ?" ಎಂದು ಕೇಳುತ್ತಾರೆ. ನಾವು ಬಾಯಿಪಾಠ ಒಪ್ಪಿಸುತ್ತೇವೆ. ಹೊಗೆ ಇಲ್ಲ, ಕಣ್ಣುರಿ ಇಲ್ಲ, ಕಟ್ಟಿಗೆಗೆ ಅಲೆದಾಟವಿಲ್ಲ, ಗುಂಡಿಯಿಂದ ಹೊರಬರುವ ರಾಡಿ ಹೊಲಕ್ಕೆ ಚಿನ್ನದಂಥ ಗೊಬ್ಬರ. ಎಲ್ಲವೂ ಖರೆ. ಸುಳ್ಳು ಹೇಳಿ ನನಗೇನಾಗಬೇಕಿದೆ? ಅವರು ಬರೆದುಕೊಂಡು, ಚಹಾ ಕುಡಿದು, ಜೀಪು ಹತ್ತುತ್ತಾರೆ. ಆ ಚಹಾ ಯಾರು ಸುರಿದ ಸಗಣಿಯಿಂದ ಕುದಿಯಿತು ಎಂದು ಇಲ್ಲಿಯವರೆಗೆ ಒಬ್ಬನೂ ಕೇಳಿಲ್ಲ.

ಊರು ಬಳೆಯ ಹಾಗೆ ದುಂಡಗಿದೆ. ನಡುವೆ ಗುಂಡಿ, ಸುತ್ತ ಮನೆಗಳು. ಊರವರೇ ಅಗೆದು ಕಟ್ಟಿದ ಗುಂಡಿ, ಊರವರದೇ ಸಂಘ. ಸರ್ಕಾರದ್ದು ಬರೀ ಬೋರ್ಡು. ದಿನಾ ಬೆಳಗ್ಗೆ ಪ್ರತಿ ಮನೆಯವರೂ ಸಗಣಿ, ಸಿಪ್ಪೆ, ಮುಸುರೆ, ಮಿಕ್ಕಿದ್ದು ಮಿಗಿಲಾದದ್ದು ಎಲ್ಲವನ್ನೂ ಬುಟ್ಟಿಯಲ್ಲಿ ತಂದು ಗುಂಡಿಯ ಬಾಯಿಗೆ ಸುರಿಯುತ್ತಾರೆ. ಗುಂಡಿಯಿಂದ ಎಲ್ಲ ಒಲೆಗಳಿಗೂ ಪೈಪು ಹೋಗಿದೆ. ಆದರೆ ನೀವು ಸುರಿದದ್ದರ ಬೆಂಕಿ ನಿಮ್ಮ ಒಲೆಗೆ ಬರುವುದಿಲ್ಲ. ಗುಂಡಿಗೆ ಮುಖ ಮಾಡಿ ನಿಂತರೆ ನಿಮ್ಮ ಎಡಗೈ ಕಡೆ ಯಾರ ಮನೆ ಇದೆಯೋ ಅವರ ಒಲೆಗೆ ಹೋಗುತ್ತದೆ. ನೀವು ಹೆಚ್ಚು ಸುರಿದರೆ ಅವರ ಒಲೆ ಭುಗಿಲೆನ್ನುತ್ತದೆ, ಕಡಿಮೆ ಸುರಿದರೆ ಅವರು ಅರೆಬೆಂದ ಬೇಳೆ ತಿನ್ನುತ್ತಾರೆ. ನಿಮ್ಮ ಒಲೆಯ ಹಣೆಬರಹ ನಿಮ್ಮ ಬಲಮನೆಯವರ ಬುಟ್ಟಿಯಲ್ಲಿ. ಪೈಪು ಹಾಕಿದ ಮಿಸ್ತ್ರಿ ಮೂರ್ನಾಲ್ಕು ಸಲ ನೆಲ ಅಗೆದು, ಪೈಪುಗಳನ್ನು ಅದಲುಬದಲು ಮಾಡಿ ನೋಡಿದ. ಬೆಂಕಿ ಮಾತ್ರ ಎಡಕ್ಕೇ ಹೋಯಿತು. ಕಡೆಗೆ ಚೀಲ ಹೆಗಲಿಗೇರಿಸಿ ಕೈಮುಗಿದು ಹೋದವನು ನಮ್ಮ ಊರ ಕಡೆ ತಲೆಹಾಕಿಯೂ ಮಲಗಿಲ್ಲ.

ಬೇರೆ ದಾರಿಯೂ ಇರಲಿಲ್ಲ ಅನ್ನಿ. ಸುತ್ತ ಎಲ್ಲಿ ನೋಡಿದರೂ ಎರೆಮಣ್ಣು, ಹಲ್ಲುಜ್ಜುವ ಕಡ್ಡಿಗೂ ಒಂದು ಗಿಡವಿಲ್ಲ. ಬಸ್ಸು ಬಂದರೂ ಸಿಲಿಂಡರಿನ ಗಾಡಿಯವರು ಹಳ್ಳ ದಾಟಿ ಬರಲು ಒಪ್ಪುವುದಿಲ್ಲ. ಹಾಗಾಗಿ ಜನ ಹೊಂದಿಕೊಂಡರು. ಈಗ ನಮ್ಮ ಊರಲ್ಲಿ ಹೆಣ್ಣು ಕೊಡುವವರು ಹುಡುಗನ ಮನೆಯ ಆಸ್ತಿ ವಿಚಾರಿಸುವುದಿಲ್ಲ, ಬಲಮನೆಯಲ್ಲಿ ಎಮ್ಮೆ ಎಷ್ಟಿವೆ ಎಂದು ವಿಚಾರಿಸುತ್ತಾರೆ. ಬಲಮನೆಯವರು ಬೀಗರ ಊರಿಗೆ ಹೊರಟರೆ ಎಡಮನೆಯವರು ಬಸ್‌ಸ್ಟ್ಯಾಂಡಿನ ತನಕ ಹೋಗಿ, ಮಗಳನ್ನು ಕಳಿಸುವಾಗಲೂ ಅಳದಷ್ಟು ಅತ್ತು ಬರುತ್ತಾರೆ. ಇನ್ನು ಜಗಳದ ವಿಷಯ. ಎಡಮನೆಯವನ ಮೇಲಿನ ಸಿಟ್ಟಿಗೆ ನೀವು ಬುಟ್ಟಿ ನಿಲ್ಲಿಸಿದಿರಿ ಎನ್ನಿ, ಅವನು ನಿಮ್ಮನ್ನೇನೂ ಮಾಡಲಾರ. ತನಗಿಲ್ಲದ ಬೆಂಕಿ ಇನ್ನೊಬ್ಬರಿಗೇಕೆ ಎಂದು ತನ್ನ ಎಡಮನೆಯವನಿಗೆ ನಿಲ್ಲಿಸುತ್ತಾನೆ, ಅವನು ಅವನ ಎಡಕ್ಕೆ. ಹೀಗೆ ನಿಮ್ಮ ಜಗಳ ಮನೆಯಿಂದ ಮನೆಗೆ ದಾಟುತ್ತ ಊರೆಲ್ಲ ಸುತ್ತಿ ಒಂದು ಬೆಳಗ್ಗೆ ನಿಮ್ಮದೇ ಒಲೆಯೊಳಗೆ ಬಂದು ತಣ್ಣಗೆ ಕುಳಿತಿರುತ್ತದೆ. ಅದಕ್ಕೇ ನಮ್ಮವರು ಬಾಯಿಂದ ಬೇಕಾದಷ್ಟು ಬಯ್ದಾಡುತ್ತಾರೆ, ಬುಟ್ಟಿ ಮಾತ್ರ ಮುಟ್ಟುವುದಿಲ್ಲ.

ನಾನು ಫಕೀರವ್ವ, ಖಾನಾವಳಿ ನಡೆಸುವವಳು. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಹಾಸಿಗೆ ಸುತ್ತಿಕೊಂಡು ನಡಿ ಎಂದಿದ್ದರು. ನಾನು ನಡೆಯಲಿಲ್ಲ, ಒಲೆಯ ಮುಂದೆ ಕುಳಿತೆ. ಯಾಕೆಂದರೆ ನನ್ನ ಬಲಮನೆ ಅಡಿವೆಪ್ಪ ಸಾಹುಕಾರರದು. ಅವರ ಕೊಟ್ಟಿಗೆಯಲ್ಲಿ ಹತ್ತು ಹನ್ನೆರಡು ಎಮ್ಮೆ. ಆ ಎಮ್ಮೆಗಳ ಸಗಣಿಯ ಬೆಂಕಿಯೆಲ್ಲ ನನ್ನ ಒಲೆಗೆ! ಒಂದು ಕಡೆ ರೊಟ್ಟಿಯ ಹಂಚು, ಒಂದು ಕಡೆ ಝುಣಕದ ಪಾತ್ರೆ, ಹಿಂದೆ ಅನ್ನದ ಹಂಡೆ ಇಟ್ಟರೂ ಉರಿ ಮಿಗುತ್ತಿತ್ತು. ಬಸ್ಸಿನ ಡ್ರೈವರು ಕಂಡಕ್ಟರು, ಸಂತೆಗೆ ಬಂದವರು, ಹೆಂಡತಿ ತವರಿಗೆ ಹೋದವರು ಎಲ್ಲರೂ ನನ್ನಲ್ಲೇ ಉಣ್ಣುತ್ತಿದ್ದರು. ಸಾಹುಕಾರರ ಉಪಕಾರದಿಂದ ಬದುಕಿದೆಯಲ್ಲ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಪಕಾರ ಎಮ್ಮೆಗಳದ್ದು, ಸಾಹುಕಾರರದ್ದಲ್ಲ.

ನನ್ನ ಖಾನಾವಳಿಯ ಮುಸುರೆಯ ಬೆಂಕಿ ನನ್ನ ಎಡಮನೆಗೆ, ಅಂದರೆ ಜಿನ್ನಪ್ಪ ಮಾಸ್ತರರ ಮನೆಗೆ ಹೋಗುತ್ತಿತ್ತು. ಮಾಸ್ತರರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು, ಉಳ್ಳಾಗಡ್ಡಿಯನ್ನೂ ಮುಟ್ಟದವರು. ನನ್ನಲ್ಲಿ ರವಿವಾರಕ್ಕೊಮ್ಮೆ ಮಟನ್ ಆಗುತ್ತಿತ್ತು. ಸೋಮವಾರ ಬೆಳಗ್ಗೆ ಅವರು ಗುಂಡಿಯ ಬಳಿ ನನಗಾಗಿ ಕಾದು ನಿಂತಿರುತ್ತಿದ್ದರು.

"ಏನ ಹಾಕೀದಿ ಫಕೀರವ್ವ ಇವತ್ತ?"

"ಬದನೀಕಾಯಿ ತೊಟ್ಟು, ಮಾಸ್ತರ."

"ನಿನ್ನೆ ರವಿವಾರ ಇತ್ತಲ್ಲ?"

"ರವಿವಾರನೂ ಬದನೀಕಾಯಿನ ರೀ."

ಅವರು ನಿಟ್ಟುಸಿರು ಬಿಟ್ಟು, ಮನೆಗೆ ಹೋಗಿ ಚಹಾ ಕಾಯಿಸಿಕೊಳ್ಳುತ್ತಿದ್ದರು. ನಾನು ಸುಳ್ಳು ಹೇಳುತ್ತೇನೆಂದು ಅವರಿಗೆ ಗೊತ್ತು, ಅವರಿಗೆ ಗೊತ್ತೆಂದು ನನಗೂ ಗೊತ್ತು. ಸುಖವಾಗಿದ್ದೆವು.

ಸುಖವಾಗಿಲ್ಲದವರು ಸಾಹುಕಾರರು. ಅವರ ಬಲಮನೆ ಲಾಲಬಿಯದು. ಅವಳಿಗಿರುವುದು ಒಂದು ಆಡು. ಆಡಿನ ಹಿಕ್ಕೆ ಎಷ್ಟು, ಅದರ ಬೆಂಕಿ ಎಷ್ಟು? ಸಾಹುಕಾರರ ಒಲೆಯಲ್ಲಿ ಹಣತೆಯಷ್ಟು ಉರಿ. ಅವರ ಹೆಂಡತಿ ಹೊಳೆವ್ವ ಆ ಉರಿಯ ಮುಂದೆ ಕುಳಿತು ಬೆಳಗ್ಗೆ ಹಾಕಿದ ರೊಟ್ಟಿಯನ್ನು ಮಧ್ಯಾಹ್ನಕ್ಕೆ ತೆಗೆಯುತ್ತಿದ್ದಳು. ಸಾಹುಕಾರರು ತಾಟು ಬಡಿಯುತ್ತಿದ್ದರು. ಆಗಾಗ ಗೋಡೆಯ ಮೇಲಿಂದ ಇಣುಕಿ ನನ್ನ ಒಲೆ ನೋಡಿ ಹಲ್ಲು ಕಡಿಯುತ್ತಿದ್ದರು. "ಎಮ್ಮಿ ನಂದು, ಹುಲ್ಲ ನಂದು, ಆಳ ನಂದು. ಬೆಂಕಿ ಮಾತ್ರ ಈ ರಂಡಿಮುಂಡಿ ಮನ್ಯಾಗ!" ಒಮ್ಮೆ ಸಿಟ್ಟಿಗೆದ್ದು ಸಗಣಿ ಸುರಿಯುವುದನ್ನು ಕಡಿಮೆ ಮಾಡಿದರು. ಆದರೆ ಯಾರು ಎಷ್ಟು ಸುರಿಯುತ್ತಾರೋ ಅವರಿಗೆ ಅಷ್ಟೇ ರಾಡಿ ಎಂಬುದು ಸಂಘದ ಕಟ್ಟಳೆ. ರಾಡಿ ಇಲ್ಲದೆ ಅವರ ಕಬ್ಬು ಹಳದಿಯಾಯಿತು. ಮರುವಾರದಿಂದ ಮತ್ತೆ ಬುಟ್ಟಿ ತುಂಬಿ ಬಂತು. ಅಂದಹಾಗೆ ಸಂಘದ ಅಧ್ಯಕ್ಷರೂ ಅವರೇ. ಜೀಪಿನವರು ಬಂದಾಗ ವೇದಿಕೆಯ ಮೇಲೆ ನಿಂತು, "ನಾವು ನಮಗಾಗಿ ಅಲ್ಲ, ನೆರೆಯವರಿಗಾಗಿ ಬದುಕುವ ಜನ" ಎಂದು ಭಾಷಣ ಮಾಡುವವರೂ ಅವರೇ. ಆ ಭಾಷಣ ಕೇಳಿ ಜೀಪಿನವರು ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂಥ ಸಾಹುಕಾರರಿಗೆ ಒಂದು ದಿನ ಬುದ್ಧಿ ಹೊಳೆಯಿತು. ಹೊಳೆದದ್ದೇ ತಡ, ಲಾಲಬಿಯ ಮನೆಗೂ ತಮ್ಮ ಮನೆಗೂ ನಡುವೆ ಇದ್ದ ಹಿತ್ತಿಲಲ್ಲಿ ಹೊಸ ಮನೆ ಏಳಿಸತೊಡಗಿದರು. ಯಾರಿಗೆ ಎಂದು ಕೇಳಿದರೆ ಮೀಸೆಯಡಿ ನಗುತ್ತಿದ್ದರು. ಮನೆ ಮುಗಿದ ದಿನ ಎಮ್ಮೆಗಳನ್ನು ಅಲ್ಲಿ ಕಟ್ಟಿಸಿ, ಹೆಂಡತಿಯ ಗಂಟುಮೂಟೆಯನ್ನು ಅಲ್ಲಿಡಿಸಿ, ಊರಿಗೆಲ್ಲ ಪೇಢೆ ಹಂಚಿದರು. ಆಗ ನಮಗೆ ತಿಳಿಯಿತು. ಬಲಮನೆಯೂ ತಮ್ಮದೇ ಆದರೆ, ಅಲ್ಲಿಂದ ಸುರಿದದ್ದರ ಬೆಂಕಿ ತಮ್ಮ ಒಲೆಗೇ! ಇಷ್ಟು ದಿನ ನಮಗ್ಯಾಕೆ ಹೊಳೆಯಲಿಲ್ಲ ಎಂದು ಊರವರು ತಲೆತಲೆ ಚಚ್ಚಿಕೊಂಡರು.

ಮರುದಿನ ಬೆಳಗ್ಗೆ ಬೆಂಕಿ ನನ್ನ ಒಲೆಗೇ ಬಂತು. ನಾನು ಗೋಡೆಗೆ ಕೇಳುವಂತೆ ನಕ್ಕೆ. ಹೊಳೆವ್ವ ಮಲಗುವುದು ಹೊಸ ಮನೆಯಲ್ಲಾದರೂ ಅಡಿಗೆ ಮಾಡಿ ಉಣ್ಣುವುದು ಗಂಡನ ಮನೆಯಲ್ಲಿ. ಒಲೆ ಒಂದಾದರೆ ಗುಂಡಿಯ ಮಟ್ಟಿಗೆ ಮನೆಯೂ ಒಂದೇ. ಗೋಡೆಗಳನ್ನು ಅದು ಎಂದೂ ಎಣಿಸಿದ್ದಿಲ್ಲ.

ಸಾಹುಕಾರರು ಬಿಡುವವರೇ? ಹಿರಿಯರನ್ನು ಗುಂಡಿಯ ಕಟ್ಟೆಯ ಮೇಲೆ ಕೂಡಿಸಿದರು. "ಇವತ್ತಿನಿಂದ ನನ್ನ ಒಲಿ ಬ್ಯಾರೆ, ಅಕೀ ಒಲಿ ಬ್ಯಾರೆ. ಎಮ್ಮಿ ಅಕೀವು, ಹೊಸಾ ಮನಿ ಅಕೀದು. ಎಲ್ಲಾರೂ ಕೇಳ್ರಿ" ಎಂದು ಸಾರಿದರು. ಹೊಳೆವ್ವ ಕಂಬದ ಹಿಂದೆ ನಿಂತಿದ್ದಳು.

"ನಿನಗ ಒಪ್ಪಿಗಿ ಐತೇನವಾ?" ಎಂದು ಒಬ್ಬ ಹಿರಿಯರು ಕೇಳಿದರು.

"ಅಕೀನ್ನ ಏನ ಕೇಳತೀರಿ? ನಾ ಹೇಳಾಕತ್ತೀನಲ್ಲ" ಎಂದರು ಸಾಹುಕಾರರು.

ಬೇರೆ ಊರಲ್ಲಾಗಿದ್ದರೆ ಹೆಂಡತಿಯನ್ನು ಬೇರೆ ಇಟ್ಟದ್ದಕ್ಕೆ ಜನ ಕ್ಯಾಕರಿಸಿ ಉಗುಳುತ್ತಿದ್ದರು. ನಮ್ಮವರು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಗ್ಗೆ ನಾನು ಕಡ್ಡಿ ಗೀರಿದೆ, ಒಲೆ ಹತ್ತಲಿಲ್ಲ. ಇನ್ನೊಂದು ಗೀರಿದೆ. ಕಿವಿಯಿಟ್ಟು ಕೇಳಿದೆ, ಸುಯ್ ಎನ್ನುವ ಸದ್ದೂ ಇಲ್ಲ. ಆ ಕಡೆ ಗೋಡೆಯಾಚೆ ಗದ್ದಲವೋ ಗದ್ದಲ. ಸಾಹುಕಾರರ ಒಲೆಯಲ್ಲಿ ಬೆಂಕಿ ಆಳೆತ್ತರ ಎದ್ದಿತ್ತು. ಊರವರನ್ನೆಲ್ಲ ಅಡಿಗೆಮನೆಯೊಳಗೆ ಕರೆದು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ನೋಡ್ರಿ, ನೋಡ್ರಿ" ಎನ್ನುತ್ತಿದ್ದರು. ಎಲ್ಲರೂ ನೋಡಿದರು. ಎಷ್ಟು ಹೊತ್ತು ಅಂತ ಬರೀ ಬೆಂಕಿ ನೋಡುವುದು? ಯಾರೋ ಅಂದರು: "ಚಾ ಆದರೂ ಇಡ್ರಿ ಸಾಹುಕಾರ್ರ." ಸಾಹುಕಾರರು ಹುಟ್ಟಿದಾಗಿನಿಂದ ಒಲೆಯ ಮೇಲೆ ನೀರೂ ಇಟ್ಟವರಲ್ಲ. ಹಾಲಿಟ್ಟರು, ಉಕ್ಕಿತು. ಮತ್ತೆ ಇಟ್ಟರು, ಹೊತ್ತಿತು. ಬಂದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮಧ್ಯಾಹ್ನಕ್ಕೆ ಹಸಿವು ತಾಳಲಾರದೆ ಸಾಹುಕಾರರು ಹೊಸ ಮನೆಯ ಕಡೆ ಕೂಗು ಹಾಕಿದರು.

"ಏ, ಬಾ ಇಲ್ಲಿ. ಎರಡ ರೊಟ್ಟಿ ಬಡದ ಹೋಗು."

ಹೊಳೆವ್ವನ ಉತ್ತರ ನನಗೂ ಕೇಳಿಸಿತು. "ನಾ ಬಂದ ಬಡದ್ರ ಒಲಿ ಒಂದ ಆಕ್ಕೇತಲ್ರಿ? ಬೆಂಕಿ ಮತ್ತ ಆಕಡೆ ಹೋಗತೈತಿ. ಬ್ಯಾಡ್ರಪಾ."

ಸಾಹುಕಾರರ ಆ ದಿನದ ಊಟ ಪೇಢೆ. ಹಂಚಿ ಉಳಿದದ್ದು.

ಅವರ ಕಥೆ ನಗುವಂಥದ್ದು, ನನ್ನದು ಹಾಗಿರಲಿಲ್ಲ. ಎಮ್ಮೆಗಳೆಲ್ಲ ಹೊಸ ಮನೆಗೆ ಹೋದ ಮೇಲೆ ಸಾಹುಕಾರರ ಬಳಿ ಸುರಿಯಲು ಏನಿತ್ತು? ಒಂದು ಹಿಡಿ ಸಿಪ್ಪೆಯೂ ಇರಲಿಲ್ಲ. ಖಾನಾವಳಿಯ ಬಾಗಿಲು ಮುಚ್ಚಿತು. ಡ್ರೈವರು ಬಂದು ಇಣುಕಿದ, ಕಂಡಕ್ಟರು ಬಂದು ಇಣುಕಿದ, ಖಾಲಿ ಹಂಚು ನೋಡಿ ಹೋದರು. ಖಾನಾವಳಿ ಇಲ್ಲದೆ ಮುಸುರೆ ಇಲ್ಲ, ಮುಸುರೆ ಇಲ್ಲದೆ ಮಾಸ್ತರರ ಒಲೆಯೂ ಆರಿತು. ಮಾಸ್ತರರು ಬಂದು, "ಫಕೀರವ್ವ, ಏನರ ಹಾಕ ತಾಯಿ. ಏನ ಹಾಕೀದಿ ಅಂತ ನಾ ಕೇಳಂಗಿಲ್ಲ" ಎಂದು ಬೇಡಿಕೊಂಡರು. ಅವರ ಎಡಮನೆಯೂ ತಣ್ಣಗಾಯಿತು, ಅದರ ಎಡಮನೆಯೂ. ತಂಪು ಒಂದೊಂದೇ ಮನೆ ದಾಟುತ್ತ ಹೊರಟಿತು. ಮೈದುನಂದಿರು ಸುದ್ದಿ ಕೇಳಿ, ಏನೂ ಗೊತ್ತಿಲ್ಲದವರಂತೆ ನನ್ನ ಮನೆಯ ಮುಂದೆ ಎರಡು ಸಲ ಹಾದುಹೋದರು. ಈ ಮನೆಯಲ್ಲಿ ನನ್ನನ್ನು ಇಟ್ಟದ್ದು ಆ ಒಲೆಯೊಂದೇ ಎಂದು ಅವರಿಗೂ ಗೊತ್ತಿತ್ತು. ನಾನು ಆರಿದ ಹಂಚಿನ ಮುಂದೆ ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ಮುಖ ತೊಳೆದು ಹೊಳೆವ್ವನ ಹತ್ತಿರ ಹೋದೆ. ಅವಳು ಗಂಡನ ಒಲೆಗೆ ವಾಪಸು ಹೋದರೆ ಎಲ್ಲ ಮೊದಲಿನಂತೆ ಆಗುತ್ತದಲ್ಲ!

ಹೊಳೆವ್ವ ಒಲೆಯ ಮುಂದೆ ಕಾಲು ಚಾಚಿ ಕುಳಿತಿದ್ದಳು. ಒಲೆಯಲ್ಲಿ ಲಾಲಬಿಯ ಆಡಿನ ಅದೇ ಹಣತೆಯಷ್ಟು ಉರಿ. ಬಾಜುವಿಗೆ ಲಾಲಬಿ. ಇಬ್ಬರೂ ಏನೋ ಮಾತಾಡಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಹೊಳೆವ್ವ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಇನ್ನಷ್ಟು ಸಿಟ್ಟು ಬಂತು.

"ಗಂಡನ್ನ ಉಪವಾಸ ಕೆಡವಿ ನಗತೀಯಲ್ಲ, ನಾಚಿಕಿ ಬರಂಗಿಲ್ಲೇನ?" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ನನಗೇ ಅಸಹ್ಯವಾಯಿತು. ಆ ಗಂಡ ಉಪವಾಸವಿದ್ದರೆ ನನಗೇನು?

ಹೊಳೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಮದಿವಿ ಆದಾಗಿಂದ ನಾ ಬಿಸಿ ರೊಟ್ಟಿ ತಿಂದಿದ್ದಿಲ್ಲ ಫಕೀರವ್ವ. ಬಿಸೀದು ಅವರಿಗೆ, ಆರಿದ್ದು ಆಳುಗಳಿಗೆ, ಕರಕಾಗಿದ್ದು ನನಗ. ಈಗ ಉರಿ ಸಣ್ಣದೈತಿ, ಖರೆ. ಒಂದ ರೊಟ್ಟಿ ಆಗಾಕ ಭಾಳ ಹೊತ್ತ ಹಿಡೀತೈತಿ. ಆದ್ರ ಆದ ಕೂಡಲೆ ನಾನ ತಿಂತೀನಿ. ಬಯ್ಯಾವ್ರ ಯಾರೂ ಇಲ್ಲ. ನಾ ತಿರುಗಿ ಹೋಗಂಗಿಲ್ಲ."

"ನೀ ತಿನ್ನೂ ಆ ರೊಟ್ಟಿ ನನ್ನ ಹೊಟ್ಟಿ ಮ್ಯಾಲ ಬಡದ ರೊಟ್ಟಿ, ಗೊತ್ತಾತೇನ? ನನ್ನ ಒಲಿ ಸತ್ತ ಹೋತು."

ರೊಟ್ಟಿ ಹಂಚಿನ ಮೇಲೇ ಉಬ್ಬಿ ಇಳಿಯಿತು. ಅವಳು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬಿಸಿ ರೊಟ್ಟಿ ತಿನ್ನಬೇಡ ಎಂದು ಯಾವ ಬಾಯಿಂದ ಹೇಳಲಿ, ಅದೂ ಖಾನಾವಳಿಯವಳು?

ಎದ್ದು ಹೊರಟವಳನ್ನು ಹೊಳೆವ್ವ ಕರೆದಳು. "ನಿಂದರು. ಇವರು ಮನಿ ಕಟ್ಟಸೂ ಮುಂದ ಜೋರಿಗೆ ಬಿದ್ದು ದೊಡ್ಡ ಪಡಸಾಲಿ ಕಟ್ಟಿಸ್ಯಾರ. ನಾ ಒಬ್ಬಾಕಿ ಅದನ್ನ ತೊಗೊಂಡ ಏನ ಮಾಡ್ಲಿ? ಅದು ಅವರ ಮನಿ ಮಗ್ಗಲಿಗೆ ಐತಿ. ನಡುವ ಗ್ವಾಡಿ ಹಾಕಸ್ತೀನಿ, ಬ್ಯಾರೆ ಬಾಗಲ ಇಡಸ್ತೀನಿ. ನೀ ಒಲಿ ತಂದ ಅಲ್ಲಿ ಹೂಡು. ನನ್ನ ಎಡಮನಿ ನೀನ ಆಗತೀ."

ಲಾಲಬಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕೇಳಿದೆ, "ಮತ್ತ ಸಾಹುಕಾರ್ರು?"

"ಅವರಿಗೆ ನಿನ್ನ ಮುಸುರಿ ಬೆಂಕಿ ಹೊಕ್ಕೇತಲ್ಲ. ಒಬ್ಬ ಮನಷಾಗ ಸಾಕದು."

ಹಂಚು, ಹಂಡೆ, ಹಿಟ್ಟು ನಾದುವ ಕೊಣಮಿಗೆಗಳನ್ನು ಹೊತ್ತು ನಾನು ಪಡಸಾಲೆಗೆ ಬಂದೆ. ಹಳೆಯ ಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಮೈದುನಂದಿರು ನೋಡಲೆಂದೇ. ಕಡ್ಡಿ ಗೀರಿದ್ದೇ ತಡ ಬೆಂಕಿ ಭುಗ್ಗೆಂದಿತು. ಎಮ್ಮೆಗಳು ಗೋಡೆಯಾಚೆಯೇ ಇದ್ದವು, ಹೋಗಿ ಹಣೆ ನೇವರಿಸಿ ಬಂದೆ. ಸಾಹುಕಾರರು ಮಾತ್ರ ಹಿರಿಯರ ಮುಂದೆ ಹೋಗಿ ಎದೆ ಬಡಿದುಕೊಂಡರು: "ಇದು ಮೋಸ! ಎಮ್ಮಿ ನನ್ನವು!"

"ಅಲ್ರಿ ಅಧ್ಯಕ್ಷರ, ಎಮ್ಮಿ ಅಕೀವು, ಮನಿ ಅಕೀದು ಅಂತ ನೀವ ಸಾರೀರಿ. ನಾವು ಚಪ್ಪಾಳಿ ತಟ್ಟೀವಿ" ಎಂದರು ಹಿರಿಯರು. ರಾಡಿಯ ಪಾಲೂ ಆಗ ಹೊಳೆವ್ವನ ಹೆಸರಿಗೇ ಬಂದಿತ್ತು. ಕಬ್ಬಿಗೆ ರಾಡಿ ಬೇಕಾದರೆ ಸಾಹುಕಾರರು ಇನ್ನು ಮುಂದೆ ಅವಳನ್ನು ಕೇಳಬೇಕು. ಈ ಸಂಗತಿ ಅವರಿಗೆ ಅಲ್ಲಿ ಕುಳಿತಾಗಲೇ ಹೊಳೆದದ್ದು. ಮುಖ ನೋಡುವಂತಿತ್ತು!

ಆದರೆ ಊರ ತಂಪು ಇನ್ನೂ ನಿಂತಿರಲಿಲ್ಲ. ನನ್ನ ಹಳೆಯ ಮನೆ ಖಾಲಿ ಬಿದ್ದದ್ದರಿಂದ ಸಾಹುಕಾರರ ಎಡಮನೆ ಈಗ ಜಿನ್ನಪ್ಪ ಮಾಸ್ತರರದಾಯಿತು. ನನ್ನ ಮುಸುರೆಯ ಬೆಂಕಿ ಸಾಹುಕಾರರಿಗೆ ಬರುತ್ತಿತ್ತು, ಸಾಹುಕಾರರಿಂದ ಮಾಸ್ತರರಿಗೆ ಏನೂ ಇಲ್ಲ. ಮಾಸ್ತರರು ಹಿರಿಯರ ಮುಂದೆ ತಣ್ಣನೆಯ ಚಹಾ ಪಾತ್ರೆ ತಂದಿಟ್ಟರು. ಏನನ್ನೂ ಸುರಿಯದ ಮನೆಗೆ ಪೈಪು ಕಡಿಯಬೇಕೆಂಬುದು ಸಂಘದ ಇನ್ನೊಂದು ಕಟ್ಟಳೆ, ಅದನ್ನೂ ಮಾಡಿದ್ದು ಸಾಹುಕಾರರೇ.

"ನನ್ನ ಕಡೆ ಹಾಕಾಕ ಏನೈತ್ರಿ?" ಎಂದರು ಸಾಹುಕಾರರು.

ಹಿಂದಿನಿಂದ ಲಾಲಬಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, "ಪಾಯಖಾನಿ ಐತೆಲ್ರಿ" ಎಂದಳು.

ಅದು ನಿಜ. ಊರಲ್ಲಿ ನನ್ನಂತೆ ಬಯಲಿಗೆ ಹೋಗುವವರನ್ನು ಬಿಟ್ಟರೆ ಎಲ್ಲರ ಪಾಯಖಾನೆಯ ಪೈಪೂ ಗುಂಡಿಗೆ ಸೇರಿದೆ. ಸಾಹುಕಾರರದೊಂದೇ ಸೇರಿರಲಿಲ್ಲ. ಅವರದು ಬಿಳಿ ಟೈಲ್ಸ್ ಹಾಕಿಸಿದ ಪಾಯಖಾನೆ. ಅದನ್ನು ಮಂದಿಯದರ ಜೊತೆ ಬೆರೆಸಬಾರದೆಂದು ಹಿತ್ತಿಲಲ್ಲಿ ಬೇರೆಯೇ ಟ್ಯಾಂಕು ಕಟ್ಟಿಸಿದ್ದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಗಲಿ ಎಂದರು. ಸಂಜೆಯೊಳಗೆ ಪೈಪು ಜೋಡಿಸಿದ್ದೂ ಆಯಿತು.

ಎರಡು ದಿನ ಬಿಟ್ಟು ಮಾಸ್ತರರ ಒಲೆಯಲ್ಲಿ ಸಣ್ಣಗೆ ನೀಲಿ ಉರಿ ಕಾಣಿಸಿತು. ಮಾಸ್ತರರು ಅದನ್ನೇ ನೋಡುತ್ತ ನಿಂತರಂತೆ. ಇನ್ನೊಮ್ಮೆ ಸ್ನಾನ ಮಾಡಿ ಬಂದು ಚಹಾಕ್ಕಿಟ್ಟರಂತೆ. "ಬೆಂಕಿಗೆ ಎಲ್ಲೀ ಮೈಲಿಗಿ?" ಎಂದು ಹೆಂಡತಿಗೆ ಸಮಾಧಾನ ಹೇಳಿದರಂತೆ. ಅವರ ಎಡಮನೆಯಲ್ಲಿ ಮರುದಿನ ಒಲೆ ಹೊತ್ತಿತು, ಅದರಾಚೆಯ ಮನೆಯಲ್ಲಿ ಅದರ ಮರುದಿನ. ಊರು ಮೆಲ್ಲಗೆ ಬಿಸಿಯಾಗತೊಡಗಿತು.

ಸಾಹುಕಾರರಿಗೆ ಅಡಿಗೆ ಬಾರದು. ಹಾಗಾಗಿ ಊಟಕ್ಕೆ ನನ್ನ ಖಾನಾವಳಿಗೇ ಬರುತ್ತಾರೆ. ಖಾನಾವಳಿಯಲ್ಲಿ ಉಂಡವರನ್ನು ಗುಂಡಿಯು ಆ ಮನೆಯವರೆಂದು ಹಿಡಿಯುವುದಿಲ್ಲ. ಹಿಡಿದಿದ್ದರೆ ಬಸ್ ಕಂಡಕ್ಟರನೂ ನನ್ನ ಸಂಸಾರದವನಾಗಬೇಕಿತ್ತು. ಮೊದಮೊದಲು ಅವರು ಮಾನಕ್ಕಂಜಿ ಮೂಲೆಯಲ್ಲಿ ಕುಳಿತು, ಅರೆಹೊಟ್ಟೆ ಉಂಡು ಏಳುತ್ತಿದ್ದರು. ಹಾಗೆ ಎದ್ದ ಮರುದಿನವೆಲ್ಲ ಮಾಸ್ತರರ ಮನೆಯಲ್ಲಿ ಬೇಳೆ ಬೇಯುತ್ತಿರಲಿಲ್ಲ.

ಮೊನ್ನೆ ಸಂಜೆಯೂ ಎರಡೇ ರೊಟ್ಟಿಗೆ ಕೈ ತೊಳೆಯಲು ಎದ್ದರು. ನನ್ನ ಖಾನಾವಳಿಯ ಹೊಸ್ತಿಲನ್ನೇ ತುಳಿಯದ ಜಿನ್ನಪ್ಪ ಮಾಸ್ತರರು ಬಾಗಿಲ ಹೊರಗೆ ನಿಂತು ಇದನ್ನು ನೋಡುತ್ತಿದ್ದರು. ಮಟನ್ನಿನ ವಾಸನೆಗೆ ಮೂಗಿಗೆ ಪಂಚೆಯ ಅಂಚು ಹಿಡಿದುಕೊಂಡೇ ಒಳಗೆ ಬಂದರು, ಬಂದು ಕೈಮುಗಿದರು.

"ಸಾಹುಕಾರ್ರ, ಇಷ್ಟಕ್ಕ ಎದ್ದರ ಹ್ಯಾಂಗ್ರಿ? ನಾಳೆ ನಮ್ಮ ಹುಡಿಗೀನ್ನ ನೋಡಾಕ ಬರಾಕತ್ಯಾರ. ಉಪ್ಪಿಟ್ಟ ಆಗಬೇಕು, ಶಿರಾ ಆಗಬೇಕು, ಎರಡ ಸರತಿ ಚಾ ಆಗಬೇಕು. ಮನಿ ಮಾನ ನಿಮ್ಮ ಕೈಯಾಗ ಐತಿ. ದೊಡ್ಡ ಮನಸ ಮಾಡ್ರಿ."

ಸಾಹುಕಾರರ ಕಿವಿ ಕೆಂಪಾದವು. ಸುತ್ತ ನೋಡಿದರು. ಯಾರೂ ನಗಲಿಲ್ಲ. ಮಾಸ್ತರರ ಎಡಮನೆಯವನು, ಅವನ ಎಡಮನೆಯವನು, ಎಲ್ಲರೂ ತಾಟಿನಿಂದ ಕೈಯೆತ್ತಿ ಅವರನ್ನೇ ನೋಡುತ್ತಿದ್ದರು. ಗೋಡೆಯಾಚೆಯಿಂದ ಹೊಳೆವ್ವನ ದನಿ ಬಂತು: "ಫಕೀರವ್ವ, ಅವರಿಗೆ ಕಾಳಪಲ್ಲೆ ಜಾಸ್ತಿ ಹಾಕು."

ಸಾಹುಕಾರರು ಪಂಚೆಯ ಗಂಟು ಸಡಿಲಿಸಿಕೊಂಡು ಮತ್ತೆ ಮಣೆಯ ಮೇಲೆ ಕುಳಿತರು. ಊರಿಗಾಗಿ ಅವರು ಭಾಷಣ ಮಾಡಿದ್ದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೆ. ಏನಾದರೂ ಮಾಡಿದ್ದನ್ನು ನೋಡಿದ್ದು ಅದೇ ಮೊದಲು.